ಎಮ್ಮೆಯೂ ಹಸು, ಮೇಕೆಯೂ ಹಸು!

ಕ್ಯಾಲನೂರಿನ ತಾಯಿಯವರಿಗೆ,

ಎರಡು ವರ್ಷದ ಮಗ ಎಮ್ಮೆ, ಮೇಕೆ ಎಲ್ಲವನ್ನೂ ‘ಹಸು’ ಅನ್ನುತ್ತಾನೆಂದು ಗಾಬರಿ ಬೇಡ. ನಾಲ್ಕು ಕಾಲು, ಬಾಲ ಗಮನಿಸಿ ಅವನೇ ಒಂದು ಗುಂಪು ಕಟ್ಟಿದ್ದಾನೆ, ಅದು ದಡ್ಡತನವಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ತಮ್ಮ ಮಕ್ಕಳಲ್ಲೇ ಇಂಥದ್ದನ್ನು ಕಂಡು ಬರೆದಿಟ್ಟಿದ್ದರು. ‘ಮೇಕೆ ಎಲ್ಲಿ?’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಸರಿಯಾಗಿಯೇ ತೋರಿಸುತ್ತಾರೆ. ಬಾಯಿಗೆ ಪದ ಬರುವುದು ಆಮೇಲೆ.

‘ತಪ್ಪು’ ಎಂದು ಗದರಬೇಡಿ. ಡೇರಿಗೆ ಹಾಲು ಹಾಕಲು ಹೋಗುವಾಗ, ‘ಇದು ಎಮ್ಮೆ, ಕೋಡು ಹಿಂದಕ್ಕೆ ಬಾಗಿದೆ ನೋಡು’ ಅನ್ನಿ. ಬಣ್ಣ ಹೇಳಿ ಪ್ರಯೋಜನವಿಲ್ಲ, ನಮ್ಮ ಸೀಮೆಹಸುಗಳೂ ಅರ್ಧ ಕಪ್ಪು! ಮನೆಯಲ್ಲಿ ಅಜ್ಜಿ ಹಸುವಿಗೆ ತೆಲುಗಿನಲ್ಲಿ ‘ಆವು’ ಅಂದರೂ ಅಡ್ಡಿಯಿಲ್ಲ.

ಆದರೆ ಹೆಸರು ಕರೆದರೂ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ ಕೋಲಾರದ ಎಸ್‌.ಎನ್‌.ಆರ್‌. ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಾಣಿ.