ಬುಧವಾರ ರಾತ್ರಿಯ ಟೆಂಟು

ಪುಣೆ ಹತ್ತಿರದ ಪವನಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಲು ಶನಿವಾರವಾದರೆ ತಲೆಗೆ 1,500 ರೂಪಾಯಿ. ಬುಧವಾರವಾದರೆ 900. ಟೆಂಟು ಅದೇ, ಊಟ ಅದೇ, ನೀರೂ ಅದೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ನಾವು ಹೋಗುವುದು ಐದು ಜನ: ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ಶನಿವಾರದ ಲೆಕ್ಕ 6,000, ಬುಧವಾರದ್ದು 3,600. ಮೇಲಿನ 2,400 ರೂಪಾಯಿಗೆ ಹೆಚ್ಚಿನ ಸೌಕರ್ಯವೇನೂ ಸಿಗುವುದಿಲ್ಲ. ಪ್ರವಾಸದಲ್ಲಿ ನಾವು ಕೊಡುವ ಹಣದ ದೊಡ್ಡ ಪಾಲು ಜಾಗಕ್ಕಲ್ಲ, ತಾರೀಖಿಗೆ ಹೋಗುತ್ತದೆ.

ನಮ್ಮ ಮನೆ ಚಿಂಚವಡದಲ್ಲಿದೆ. ನಮ್ಮ ಯಜಮಾನರ ಕೆಲಸ ಭೋಸರಿಯ ಕಾರ್ಖಾನೆಯೊಂದರಲ್ಲಿ. ಈ ಭಾಗದ ಎಷ್ಟೋ ಕಾರ್ಖಾನೆಗಳಂತೆ ಅವರಿಗೂ ವಾರದ ರಜೆ ಗುರುವಾರ. ಭಾನುವಾರ ಊರೆಲ್ಲ ಮನೆಯಲ್ಲಿದ್ದಾಗ ಇವರು ಶಿಫ್ಟಿಗೆ ಹೋಗುತ್ತಾರೆಂದು ಮಕ್ಕಳಿಗೆ ಬೇಸರ. ಆದರೆ ದೀಪಾವಳಿಯ ಶಾಲೆ ರಜೆಯಲ್ಲಿ ಈ ಗುರುವಾರ ಬಹಳ ಉಪಯೋಗಕ್ಕೆ ಬರುತ್ತದೆ. ಬುಧವಾರ ಫಸ್ಟ್ ಶಿಫ್ಟ್ ಮುಗಿಸಿ ಅವರು ಮನೆಗೆ ಬರುವಷ್ಟರಲ್ಲಿ ಚೀಲಗಳು ಬಾಗಿಲಲ್ಲಿರುತ್ತವೆ. ಒಂದು ದಿನದ ರಜೆಯನ್ನೂ ಹಾಕಬೇಕಾಗಿಲ್ಲ. ಬಳಸದೆ ಉಳಿದ ರಜೆಯನ್ನು ನಗದು ಮಾಡಿಕೊಳ್ಳುವ ಅವಕಾಶ ಇರುವವರು ರಜೆ ಹಾಕಿ ಹೊರಟರೆ ಪ್ರವಾಸದ ಖರ್ಚಿಗೆ ಒಂದು ದಿನದ ಸಂಬಳವನ್ನೂ ಸೇರಿಸಿ ನೋಡಬೇಕು. ಹೆಚ್ಚಿನವರು ಆ ಲೆಕ್ಕವನ್ನು ಹಿಡಿಯುವುದೇ ಇಲ್ಲ.

ಚಿಂಚವಡದಿಂದ ಲೋಣಾವಳಾ ಲೋಕಲ್ ಹಿಡಿದರೆ ಕಾಮಶೇತ್‌ಗೆ ತಲೆಗೆ ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಅಲ್ಲಿಂದ ಪವನಾನಗರದ ಕಡೆಗೆ ಶೇರ್ ಜೀಪುಗಳಿವೆ. ಅತ್ತೆಯ ಮೊಣಕಾಲು ನೋವಿರುವುದರಿಂದ ನಾವು ಇಡೀ ಗಾಡಿಯನ್ನೇ ಗೊತ್ತು ಮಾಡುತ್ತೇವೆ, ಹೋಗಿ ಬರಲು 1,200. ಇಡೀ ಪ್ರವಾಸದಲ್ಲಿ ಕೈಬಿಚ್ಚಿ ಖರ್ಚು ಮಾಡುವುದು ಇಲ್ಲೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಹಿರಿಯರನ್ನು ನೂಕುನುಗ್ಗಲಿನಲ್ಲಿ ಕೂರಿಸಿ ಉಳಿಸುವ ಐದಾರು ನೂರು ರೂಪಾಯಿ ಉಳಿತಾಯ ಅಲ್ಲ.

ಮೊದಲ ಸಲ ಹೊರಟಾಗ ಅತ್ತೆ ಕೇಳಿದ್ದರು, "ಹೊಲಕ್ಕ ಹೋಗಿ ಉಣ್ಣಾಕ ರೊಕ್ಕ ಕೊಡಬೇಕೇನವಾ?" ವಿಜಯಪುರದ ಕಡೆ ಅವರ ತವರಲ್ಲಿ ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುವುದು ರೂಢಿ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅಂದಿನಿಂದ ಪ್ಯಾಕೇಜಿನಲ್ಲಿರುವ ಒಂದೊಂದನ್ನೂ ಮುಂದಿಟ್ಟುಕೊಂಡು, ಇದು ನಮಗೆ ಬೇಕೆ ಎಂದು ಕೇಳುವ ಅಭ್ಯಾಸವಾಯಿತು. ಬಾರ್ಬೆಕ್ಯೂ ಬೇಡ ಎಂದರೆ ದರ ಇಳಿಯುತ್ತದೆ. ಸಜ್ಜಿರೊಟ್ಟಿ, ಶೇಂಗಾಚಟ್ನಿ, ಎಣ್ಣೆಗಾಯಿ ಮನೆಯಿಂದಲೇ ಬರುತ್ತವೆ. ಹಾಸಲು ಜಮಖಾನ, ಹೊದೆಯಲು ಅತ್ತೆ ಹೊಲಿದ ಕೌದಿ. ಬಿಸಿ ಊಟ ಮಾತ್ರ ಅಲ್ಲಿಯದೇ ಬೇಕು. ಆತಿಥೇಯರ ಮನೆಯ ಹೆಂಗಸು ಒಲೆಯ ಮುಂದೆ ಕೂತು ಕೈಯಲ್ಲೇ ಭಾಕ್ರಿ ತಟ್ಟಿ, ಹಂಚಿನಿಂದ ಕೆಂಡದ ಮೇಲೆ ಜಾರಿಸಿ, ಉಬ್ಬಿದ್ದನ್ನು ಜುಣಕದ ಜತೆ ತಟ್ಟೆಗೆ ಹಾಕುತ್ತಾರೆ. ಅತ್ತೆಯವರ ಕನ್ನಡ, ಅವರ ಮರಾಠಿ ಒಲೆಯ ಎರಡೂ ಬದಿಯಿಂದ ಚೆನ್ನಾಗಿಯೇ ನಡೆಯುತ್ತವೆ.

ಬುಕಿಂಗ್ ವಿಚಾರ. ಏಜೆಂಟರೊಬ್ಬರು ಇದೇ ಜಾಗಕ್ಕೆ ಬುಧವಾರವೂ 1,200 ಹೇಳಿದ್ದರು. ಪೂರ್ತಿ ಹಣ ಈಗಲೇ ಯುಪಿಐ ಮಾಡಿದರೆ ನೂರು ರೂಪಾಯಿ ರಿಯಾಯಿತಿ ಎಂದೂ ಸೇರಿಸಿದರು. ಪೂರ್ತಿ ಹಣಕ್ಕೆ ಅವಸರ ಮಾಡುವವರ ಜತೆ ವ್ಯವಹಾರ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಂದದ ಫೋಟೊಗಳನ್ನು ಯಾರು ಬೇಕಾದರೂ ಹಾಕಬಹುದು. ವಿಡಿಯೊ ಕಾಲ್ ಮಾಡಿ ಟೆಂಟು, ಶೌಚಾಲಯ, ನೀರಿನಿಂದ ಇರುವ ದೂರ ತೋರಿಸಿ ಎನ್ನಿ. ಮುಂಗಡ ಕಾಲು ಭಾಗದಷ್ಟು ಸಾಕು. ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಊರಿನವರಿಗೆ ನೇರವಾಗಿ ಹಣ ಕೊಡಬೇಕೆನ್ನಲು ನನಗೆ ದರಕ್ಕಿಂತ ದೊಡ್ಡ ಕಾರಣವಿದೆ. ನಾವು ಪಿಂಪ್ರಿ-ಚಿಂಚವಡದವರು ಕುಡಿಯುವುದು ಇದೇ ಪವನೆಯ ನೀರು. ಅಣೆಕಟ್ಟಿನಿಂದ ನದಿಗೆ ಬಿಟ್ಟ ನೀರನ್ನು ರಾವೇತ್‌ನಲ್ಲಿ ಎತ್ತಿ, ಶುದ್ಧ ಮಾಡಿ ನಮ್ಮ ನಲ್ಲಿಗಳಿಗೆ ಕಳಿಸುತ್ತಾರೆ. 1970ರ ದಶಕದ ಆರಂಭದಲ್ಲಿ ಎದ್ದ ಈ ಅಣೆಕಟ್ಟಿಗೆ ಇಲ್ಲಿನ ಮಾವಳ ತಾಲ್ಲೂಕಿನ ರೈತರು ಹೊಲಗಳನ್ನು ಕಳೆದುಕೊಂಡರು. ಬದಲಿ ಜಮೀನಿಗಾಗಿ ಅವರ ಹೋರಾಟ ದಶಕಗಳಷ್ಟು ಹಳೆಯದು. ಅಣೆಕಟ್ಟಿನಿಂದ ನಗರಕ್ಕೆ ನೇರ ಕೊಳವೆ ಹಾಕುವ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ರೈತರು ಪುಣೆ-ಮುಂಬೈ ಎಕ್ಸ್‌ಪ್ರೆಸ್ ವೇ ತಡೆದಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ನಮ್ಮ ನಲ್ಲಿಯ ನೀರಿನ ಹಿಂದೆ ಇಷ್ಟೆಲ್ಲ ಇದೆ. ದಂಡೆಯ ಮನೆಯವರು 900 ಎಂದರೆ ನಾನು ಚೌಕಾಸಿ ಮಾಡುವುದಿಲ್ಲ. ಚೌಕಾಸಿಯನ್ನು ಏಜೆಂಟರ ಕಮಿಷನ್ ಜತೆ ಮಾಡೋಣ.

ಸ್ವಂತ ಟೆಂಟು ಕೊಳ್ಳೋಣವೆಂದು ಮಕ್ಕಳು ಹಟ ಹಿಡಿದದ್ದುಂಟು. ಮೂರು ಜನರದ್ದಕ್ಕೆ ನಾಲ್ಕೈದು ಸಾವಿರ, ನಮಗೆ ಎರಡು ಬೇಕು. ಅದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಪುಣೆಯ ಮಳೆಗಾಲ. ಪರಿಚಯದ ಕುಟುಂಬವೊಂದು ಅಟ್ಟದ ಮೇಲಿಟ್ಟ ಟೆಂಟನ್ನು ಬಿಡಿಸಿದಾಗ ನಾನು ಅಲ್ಲೇ ಇದ್ದೆ. ನೀರು ತಡೆಯುವ ಒಳಲೇಪ ತೇವಕ್ಕೆ ಅಂಟಂಟಾಗಿ, ಬಟ್ಟೆ ಬಟ್ಟೆಗೆ ಹಿಡಿದುಕೊಂಡಿತ್ತು. ಎಳೆದರೆ ಸಿಪ್ಪೆಯಂತೆ ಏಳುತ್ತಿತ್ತು, ಹುಳಿ ವಾಸನೆ ಬೇರೆ. ವರ್ಷಕ್ಕೆ ಒಂದೆರಡು ರಾತ್ರಿ ಬಳಸುವವರು ಟೆಂಟು ಕೊಳ್ಳುವುದು ಬೇಡ. ಒಳ್ಳೆಯ ತಲೆದೀಪ ಕೊಳ್ಳಿ, ಕರೆಂಟು ಹೋದಾಗ ಮನೆಯಲ್ಲೂ ಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಲೈಫ್ ಜಾಕೆಟ್ ಇಲ್ಲದ ದೋಣಿಗೆ ಎಷ್ಟೇ ಕಡಿಮೆ ಹೇಳಲಿ, ಮಕ್ಕಳನ್ನು ಹತ್ತಿಸಬೇಡಿ. ಪವನೆ ಮೇಲೆ ಶಾಂತವಾಗಿ ಕಂಡರೂ ಆಳವಾದ ನೀರು.

ಇನ್ನು ಹಣ ಎಲ್ಲಿಂದ? ದೀಪಾವಳಿ ಪಾಡ್ಯಕ್ಕೆ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ ತೆರೆಯುತ್ತೇವೆ, ತಿಂಗಳಿಗೆ 500. ವರ್ಷಕ್ಕೆ 6,000, ಶೇ. 6.5ರ ಆಸುಪಾಸಿನ ದರದಲ್ಲಿ ಬಡ್ಡಿ ಸುಮಾರು 200. ಬಡ್ಡಿ ಇಲ್ಲಿ ಮುಖ್ಯವಲ್ಲ. ಸಂಬಳ ಬಂದ ಮರುದಿನವೇ ಹಣ ಬೇರೆಯಾಗುತ್ತದಲ್ಲ, ಅದು ಮುಖ್ಯ. ಇದೇ 6,000ವನ್ನು ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿ, ಬಿಲ್ಲು ಬಂದಾಗ 'ಮಿನಿಮಮ್ ಡ್ಯೂ' ಮಾತ್ರ ಕಟ್ಟಿದರೆ ಏನಾಗುತ್ತದೆ ನೋಡಿ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ, ಕಿರಾಣಿ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಒಂದು ರಾತ್ರಿಯ ಖುಷಿಗೆ ಮನೆ ಆರೇಳು ತಿಂಗಳು ಕಂತು ಕಟ್ಟುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಈ ಸಲದ ಲೆಕ್ಕ: ತಂಗಿದ್ದಕ್ಕೆ 3,600, ಜೀಪಿಗೆ 1,200, ರೈಲು ಮತ್ತು ಚಹಾ 350. ಗುರುವಾರ ಬೆಳಿಗ್ಗೆ ನಾವು ತಿಕೋನಾ ಕೋಟೆ ಹತ್ತಿ ಇಳಿಯುವಷ್ಟರಲ್ಲಿ ಅತ್ತೆ ಹತ್ತು ಕಿಲೊ ಇಂದ್ರಾಯಣಿ ಅಕ್ಕಿಗೆ ಮಾತಾಡಿ ಮುಗಿಸಿದ್ದರು, 650 ರೂಪಾಯಿ. ಮಾವಳದ ಅಕ್ಕಿ, ಬೇಯುವಾಗ ಮನೆಯೆಲ್ಲ ಘಮಘಮ. ಒಟ್ಟು 5,800. ಹಳೆಯ ಆರ್‌ಡಿಯಲ್ಲಿ ಉಳಿದ ನಾನೂರು ಹೊಸ ಆರ್‌ಡಿಯ ಮೊದಲ ಕಂತಿಗೆ ಸೇರಿತು. ಮುಂದಿನ ವರ್ಷ ದೊಡ್ಡವನಿಗೆ ಹತ್ತು ದಾಟುತ್ತದೆ, ಅವನಿಗೆ ಪೂರ್ತಿ ದರ. ಅದಕ್ಕೆ ಈ ಪಾಡ್ಯದಿಂದ ಕಂತನ್ನು 550 ಮಾಡಿದ್ದೇವೆ.