ಗಿಡ್ಡ ಭತ್ತದ ಹಿಂದಿರುವ ಕಿಣ್ವ

ಭತ್ತದ ಪೈರಿನ ಎತ್ತರವನ್ನು ನಿರ್ಧರಿಸುವ ಅಂಶಗಳಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನು ಮುಖ್ಯವಾದುದು. ಸಸ್ಯವು ತನ್ನೊಳಗೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುವ ಈ ರಾಸಾಯನಿಕವು ಕಾಂಡದ ಗಿಣ್ಣುಗಳ ನಡುವಿನ ಭಾಗವನ್ನು ಉದ್ದವಾಗಿಸುತ್ತದೆ. ಇದು ಮಿತಿಮೀರಿದರೆ ಏನಾಗುತ್ತದೆಂಬುದನ್ನು ಸಸಿಮಡಿಯಲ್ಲೇ ನೋಡಬಹುದು: ಒಂದು ಬಗೆಯ ಶಿಲೀಂಧ್ರ ತಗುಲಿದ ಸಸಿಗಳು ಸುತ್ತಲಿನವುಗಳಿಗಿಂತ ಎತ್ತರಕ್ಕೆ, ತೆಳ್ಳಗೆ, ಬಿಳಿಚಿಕೊಂಡು ಬೆಳೆದು, ನಾಟಿಯಾದ ಮೇಲೆ ಬಹುಪಾಲು ಸಾಯುತ್ತವೆ. ಈ ವಿಪರೀತ ಬೆಳವಣಿಗೆಗೆ ಶಿಲೀಂಧ್ರವು ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ತೈವಾನಿನಲ್ಲಿ ಕುರೊಸಾವಾ ಎಂಬ ಸಸ್ಯರೋಗ ವಿಜ್ಞಾನಿ ತೋರಿಸಿದರು. 1935ರಲ್ಲಿ ಯಾಬುತಾ ಅವರು ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

ಆರೋಗ್ಯವಂತ ಸಸ್ಯದಲ್ಲಿ ಈ ಹಾರ್ಮೋನಿನ ಮಟ್ಟವನ್ನು ಹತೋಟಿಯಲ್ಲಿಡುವವು ಕಿಣ್ವಗಳು, ಅಂದರೆ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ತಾವು ವ್ಯಯವಾಗದೆ ತ್ವರಿತಗೊಳಿಸುವ ಪ್ರೋಟೀನುಗಳು. ಅವುಗಳಲ್ಲಿ ಜಿಎ-20 ಆಕ್ಸಿಡೇಸ್ (ಜಿಎ ಎಂದರೆ ಜಿಬ್ಬರೆಲಿನ್) ಎಂಬುದು ನಿಷ್ಕ್ರಿಯ ಮೂಲವಸ್ತುವನ್ನು ಹಂತಹಂತವಾಗಿ ಮಾರ್ಪಡಿಸಿ ಸಕ್ರಿಯ ಹಾರ್ಮೋನಿನ ಹಿಂದಿನ ಹಂತಕ್ಕೆ ತಂದು ನಿಲ್ಲಿಸುತ್ತದೆ. ಜಿಎ-3 ಆಕ್ಸಿಡೇಸ್ ಅದನ್ನು ಸಕ್ರಿಯಗೊಳಿಸುತ್ತದೆ. ಕೆಲಸ ಮುಗಿದ ಹಾರ್ಮೋನನ್ನು ಜಿಎ-2 ಆಕ್ಸಿಡೇಸ್ ನಿಷ್ಕ್ರಿಯಗೊಳಿಸುತ್ತದೆ. ಸಕ್ರಿಯ ಹಾರ್ಮೋನು ಹೆಚ್ಚಾದಾಗ ಮೊದಲ ಕಿಣ್ವದ ಉತ್ಪಾದನೆ ತಾನಾಗಿಯೇ ತಗ್ಗುವುದರಿಂದ ಸಸ್ಯದಲ್ಲಿ ಸಮತೋಲ ಉಳಿಯುತ್ತದೆ.

ಭತ್ತದ ಇತಿಹಾಸವನ್ನೇ ಬದಲಿಸಿದ್ದು ಈ ಮೊದಲ ಕಿಣ್ವದ ಕೊರತೆ. ತೈವಾನಿನ ಡೀ-ಜಿಯೊ-ವೂ-ಜೆನ್ ಎಂಬ ಗಿಡ್ಡ ತಳಿಯನ್ನು ಇಂಡೋನೇಷ್ಯಾದ ಎತ್ತರದ ಪೇಟಾ ತಳಿಯೊಂದಿಗೆ ಸಂಕರಿಸಿ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಭಾರತದ ಜಯಾ ತಳಿಗೂ ಮುಂದೆ ಬಂದ ಐಆರ್-64ಕ್ಕೂ ಗಿಡ್ಡತನ ಬಂದದ್ದು ಅದೇ ತೈವಾನಿ ಮೂಲದಿಂದ. ಹಳೆಯ ಎತ್ತರದ ತಳಿಗಳು ಗೊಬ್ಬರ ಹೆಚ್ಚಾದರೆ ತೆನೆಯ ಭಾರ ತಾಳದೆ ನೆಲಕಚ್ಚುತ್ತಿದ್ದಲ್ಲಿ, ಗಿಡ್ಡ ತಳಿಗಳು ಅದೇ ಗೊಬ್ಬರವನ್ನು ಕಾಳಾಗಿ ಪರಿವರ್ತಿಸಿದವು. ಈ ಗಿಡ್ಡತನದ ಕಾರಣ ಸ್ಪಷ್ಟವಾದದ್ದು 2002ರಲ್ಲಿ: ಜಿಎ-20 ಆಕ್ಸಿಡೇಸ್ ತಯಾರಿಕೆಯ ಒಂದು ವಂಶವಾಹಿಯಲ್ಲಿ 383 ಜೋಡಿ ಡಿಎನ್‌ಎ ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವುದರಿಂದ ಕಾಂಡದಲ್ಲಿ ಹಾರ್ಮೋನು ಕಡಿಮೆಯಾಗುತ್ತದೆ. ಹೂವಿನಲ್ಲಿ ಇದೇ ಕಿಣ್ವದ ಮತ್ತೊಂದು ರೂಪ ಕೆಲಸ ಮಾಡುತ್ತಿರುವುದರಿಂದ ಕಾಳು ಕಟ್ಟುವುದಕ್ಕೆ ಅಡ್ಡಿಯಾಗುವುದಿಲ್ಲ. ಕಾಂಡ ಮಾತ್ರ ಗಿಡ್ಡವಾಗಿ ಇಳುವರಿ ಕುಗ್ಗದಿರುವ ಈ ಯೋಗ ಅಪರೂಪದ್ದು.

ಕೃಷಿಕರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ತಳಿಗಳಲ್ಲಿ ಕೊರತೆಯಿರುವುದು ಹಾರ್ಮೋನಿನ ತಯಾರಿಕೆಯಲ್ಲಿಯೇ ಹೊರತು ಅದಕ್ಕೆ ಸ್ಪಂದಿಸುವ ಶಕ್ತಿಯಲ್ಲಿ ಅಲ್ಲವಾದ್ದರಿಂದ, ಹೊರಗಿನಿಂದ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿದರೆ ಗಿಡ್ಡ ಪೈರೂ ಉದ್ದವಾಗುತ್ತದೆ. ಯೂರಿಯಾದಿಂದ ಈಗಾಗಲೇ ಸೊಕ್ಕಿ ಬೆಳೆದ ಗದ್ದೆಗೆ, ಬೆಳವಣಿಗೆ ಪ್ರಚೋದಕವೆಂದು ಮಾರಾಟವಾಗುವ ದ್ರಾವಣವನ್ನು ಅದರಲ್ಲಿರುವ ಅಂಶವನ್ನೇ ನೋಡದೆ ಸಿಂಪಡಿಸುವುದು, ತಳಿವಿಜ್ಞಾನಿಗಳು ಗಳಿಸಿಕೊಟ್ಟ ಗುಣವನ್ನು ಕೈಯಾರೆ ಕಳೆದುಕೊಂಡಂತೆ. ಸಿಂಪರಣೆ ಇಲ್ಲದೆಯೂ ಅಪಾಯ ತಪ್ಪಿದ್ದಲ್ಲ: ಒತ್ತಾದ ನಾಟಿ ಮತ್ತು ಅತಿಯಾದ ಸಾರಜನಕದಿಂದ ಬುಡಕ್ಕೆ ಬೆಳಕು ಬೀಳದಿದ್ದಾಗ ಕೆಳಗಿನ ಗಿಣ್ಣುಗಳ ನಡುವಿನ ಭಾಗ ಉದ್ದವಾಗಿ ತೆಳುವಾಗುತ್ತದೆ, ಪೈರು ಮುರಿದು ಬೀಳುವುದು ಅಲ್ಲಿಯೇ. ಆದ್ದರಿಂದ ಸಾರಜನಕವನ್ನು ಕಂತುಗಳಲ್ಲಿ ಕೊಡುವುದು, ತೆನೆ ಮೂಡುವ ಹಂತದಲ್ಲಿ ಶಿಫಾರಸು ಮೀರದಿರುವುದು, ಪೊಟ್ಯಾಷ್ ಬಿಡದಿರುವುದು ಅಗತ್ಯ.

ಈ ಹಾರ್ಮೋನು ನಿಜಕ್ಕೂ ಬೇಕಾಗುವ ಜಾಗವೆಂದರೆ ಹೈಬ್ರಿಡ್ ಬೀಜೋತ್ಪಾದನೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡ ಕೆಆರ್‌ಎಚ್-2ರಂತಹ ಹೈಬ್ರಿಡ್‌ಗಳ ಬೀಜ ತಯಾರಿಕೆಯಲ್ಲಿ ಬಳಸುವ ಹೆಣ್ಣು ಸಾಲಿನ ತೆನೆ ಪೂರ್ತಿ ಹೊರಬರದೆ ಕೊನೆಯ ಎಲೆಯ ಕವಚದಲ್ಲಿ ಅರ್ಧ ಸಿಕ್ಕಿಕೊಳ್ಳುತ್ತದೆ, ಶೇ. 5ರಿಂದ 10ರಷ್ಟು ತೆನೆಗಳು ಇಣುಕಿದಾಗ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿದರೆ ಅದು ಬಿಡಿಸಿಕೊಂಡು ಪರಾಗಕ್ಕೆ ತೆರೆದುಕೊಳ್ಳುತ್ತದೆ. ಈ ಆಮ್ಲದ ಪುಡಿ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿಕೊಳ್ಳಬೇಕು. ಉಳಿದಂತೆ, ಸಾಮಾನ್ಯ ಗದ್ದೆಯಲ್ಲಿ ಯಾವುದೇ ಪ್ರಚೋದಕ ಬಳಸುವ ಮುನ್ನ ಬಾಟಲಿಯ ಚೀಟಿ ಓದಿ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.