ಬೋನಸ್ಸಿನ ಪಾಠ ಹೇಳುವವರಿಗೆ

ವಾಣಿಜ್ಯಶಾಸ್ತ್ರವನ್ನು ಬೋಧಿಸುವ ಕಿರಿಯ ಮಿತ್ರರೇ, ಕಂಪನಿಯ ಉನ್ನತಾಧಿಕಾರಿಗಳಿಗೆ ಸಲ್ಲುವ ಪ್ರೋತ್ಸಾಹಧನದ ಪಾಠಕ್ಕೆ ತೊಡಗಿದೊಡನೆ, ಅದನ್ನು ಯಾರೋ ಒಬ್ಬ ಲೋಭಿಯ ಪತನದ ಕಥೆಯನ್ನಾಗಿಸಿಬಿಡುವ ಅಭ್ಯಾಸವೊಂದು ನಮ್ಮಲ್ಲುಂಟು. ಕೇಳಲು ಸೊಗಸೇನೋ ಹೌದು, ಆದರೆ ವಿದ್ಯಾರ್ಥಿಗೆ ದಕ್ಕುವುದು ಅತ್ಯಲ್ಪ. ನಾನೂ ಹಾಗೆ ನೀತಿ ಹೇಳಿ ತರಗತಿಯನ್ನು ತೂಕಡಿಸುವಂತೆ ಮಾಡಿದವನೇ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣವನ್ನು ತೆಗೆದುಕೊಳ್ಳಿರಿ. ಒಂದೊಂದು ಗ್ರಾಹಕ ಕುಟುಂಬಕ್ಕೂ ಎಂಟೆಂಟು ಖಾತೆ, ಕಾರ್ಡು, ಸಾಲಗಳನ್ನು ಮಾರಬೇಕೆಂದು ಮೇಲಿನವರು ಗುರಿ ವಿಧಿಸಿದರು. ಆ ಭಾರವನ್ನು ಹೊರಲಾರದ ಶಾಖೆಯ ಗುಮಾಸ್ತರು, ಗ್ರಾಹಕರ ಅರಿವಿಗೇ ಬಾರದಂತೆ, ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆಯತೊಡಗಿದರು. 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ ಬೀಳುವ ಹೊತ್ತಿಗೆ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಾಗಿತ್ತು. ಮುಖ್ಯಾಧಿಕಾರಿ ಜಾನ್ ಸ್ಟಂಫ್ ಅವರಿಗೆ ಮುಂದೆ ಕೈಸೇರಲಿದ್ದ 4.1 ಕೋಟಿ ಡಾಲರ್ ಬೆಲೆಯ ಷೇರುಗಳು ರದ್ದಾದುದು ತದನಂತರ.

ಈ ಹಿಂದುಮುಂದನ್ನು ಕಪ್ಪುಹಲಗೆಯ ಮೇಲೆ ಬರೆದು ಸುಮ್ಮನೆ ನಿಂತುಕೊಳ್ಳಿರಿ. ಯಾವ ಅಂಕಿಯನ್ನು ನೋಡಿ ಹಣ ಕೊಟ್ಟರು, ಆ ಅಂಕಿಯನ್ನು ಪರೀಕ್ಷಿಸಿದವರಾರು, ಅದು ಮಿಥ್ಯವೆಂದು ತಿಳಿದ ಮೇಲೆ ಕೊಟ್ಟುದನ್ನು ಮರಳಿ ಪಡೆಯುವ ಷರತ್ತು ಕರಾರಿನಲ್ಲಿತ್ತೇ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಕೇಳಲಿ. ನೀವು ಆತುರಪಟ್ಟು ಉತ್ತರ ಹೇಳಬೇಡಿರಿ.